ಓದುಗರ ಪ್ರಶ್ನೆ: ಮಿಲೇತದಲ್ಲಿ ಉಳಿದ ರೋಗಿ

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನವರು. ನನ್ನ ಯಜಮಾನರ ಎರಡೂ ಮೂತ್ರಪಿಂಡಗಳು ಕೆಟ್ಟಿರುವುದರಿಂದ ಏಳು ತಿಂಗಳಿಂದ ವಾರಕ್ಕೆ ಎರಡು ಸಲ ಅವರನ್ನು ಡಯಾಲಿಸಿಸ್‌ಗಾಗಿ ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಖರ್ಚಿಗೆಂದು ಒಂದು ಎಕರೆ ಕಬ್ಬಿನ ಗದ್ದೆಯನ್ನು ಭೋಗ್ಯಕ್ಕೆ ಕೊಟ್ಟಾಗಿದೆ. ಪ್ರಾರ್ಥನಾ ಕೂಟವೊಂದರಲ್ಲಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರು, ಗುಣ ಕಾಣದಿದ್ದಾಗ, “ನಿಮ್ಮ ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು” ಎಂದುಬಿಟ್ಟರು. ಅಂದಿನಿಂದ ನಡುರಾತ್ರಿ ಎಚ್ಚರವಾದರೆ ಎದೆ ಹೊಡೆದುಕೊಳ್ಳುತ್ತದೆ. ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುವುದಿಲ್ಲ. ದೇವರು ಕೇಳಿಸಿಕೊಳ್ಳುತ್ತಾನೆಯೇ ಎಂಬ ಅನುಮಾನವಿರುವಾಗ ಸಭೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೈಚಾಚುವುದು ತಪ್ಪೆಂದು ಎರಡು ತಿಂಗಳಿಂದ ದೂರ ಉಳಿದಿದ್ದೇನೆ. ನಾನು ಮಾಡುತ್ತಿರುವುದು ಸರಿಯೇ?
— ಒಬ್ಬ ಸಹೋದರಿ

ಉತ್ತರ: ತಾಯಿ, ಮೊದಲು ಆ ಮಾತನ್ನೇ ತೆಗೆದುಕೊಳ್ಳೋಣ. ರೋಗಿಯ ಮನೆಗೆ ಬಂದು, ಗುಣವಾಗದ ಹೊಣೆಯನ್ನು ಹಗಲಿರುಳು ಆರೈಕೆ ಮಾಡುವವಳ ತಲೆಗೆ ಕಟ್ಟಿ ಹೋಗುವುದು ಅವಿವೇಕ ಮಾತ್ರವಲ್ಲ, ನಿರ್ದಯೆ ಎಂದೇ ನನ್ನ ಅಭಿಪ್ರಾಯ. “ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು” ಎಂದು ಯೇಸು ಸ್ವಾಮಿ ಹೇಳಿದ್ದುಂಟು, ಅವರು ಅದನ್ನೇ ಹಿಡಿದುಕೊಂಡು ಮಾತನಾಡಿರಬೇಕು. ಆದರೆ ಮೂವತ್ತೆಂಟು ವರ್ಷ ಕಾಯಿಲೆ ಬಿದ್ದು ಕೊಳದ ಬಳಿ ಮಲಗಿದ್ದವನಿಗೆ ತನ್ನನ್ನು ಗುಣಪಡಿಸಿದವನು ಯಾರೆಂಬುದೂ ಆಗ ತಿಳಿದಿರಲಿಲ್ಲವೆಂದು ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಲುಸ್ತ್ರದಲ್ಲಿ ಹುಟ್ಟುಕುಂಟನನ್ನು ಎಬ್ಬಿಸಿ ನಡೆಸಿದ ಅಪೊಸ್ತಲ ಪೌಲನೇ ತನ್ನ ಕಿರಿಯ ಸಂಗಾತಿ ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲಿಯೇ ಬಿಟ್ಟುಬಂದೆನೆಂದು ಒಂದೇ ಸಾಲಿನಲ್ಲಿ ತಿಳಿಸುತ್ತಾನೆ. ತ್ರೊಫಿಮನಿಗಾಗಲಿ ಪೌಲನಿಗಾಗಲಿ ನಂಬಿಕೆ ಸಾಲದಾಯಿತೆಂದು ಅಲ್ಲಿ ಬರೆದಿಲ್ಲ. ಅದೇ ತಿಮೊಥೆಯ ಹೊಟ್ಟೆಯ ಬೇನೆಗೆ ಪೌಲನು ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು. (ನಮ್ಮ ಕೂಟಗಳಲ್ಲಿ ಈ ಎರಡು ವಚನಗಳ ಮೇಲೆ ಪ್ರಸಂಗ ಮಾಡಿದವರನ್ನು ನಾನಂತೂ ಕಂಡಿಲ್ಲ.)

ಇನ್ನು ನಡುರಾತ್ರಿಯ ಮಾತು. ಪ್ರವಾದಿ ಎಲೀಯನು ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅರಣ್ಯದಲ್ಲಿ ಗಿಡವೊಂದರ ಕೆಳಗೆ ಕುಳಿತು, “ಸಾಕು, ನನ್ನ ಪ್ರಾಣವನ್ನು ತೆಗೆದುಕೋ” ಎಂದು ಬೇಡಿಕೊಂಡ ಕಥೆ ನಿಮಗೆ ಗೊತ್ತಿರುತ್ತದೆ. ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತಲೆಯ ಬಳಿ ಇಟ್ಟು, ತಿಂದು ಮಲಗಿದವನನ್ನು ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದನು. ದೇವರ ಮಾತು ಬಂದದ್ದು ಅದಾಗಿ ನಲವತ್ತು ದಿನಗಳ ದಾರಿ ನಡೆದ ಮೇಲೆ. ಯಜಮಾನರನ್ನು ಬಸ್ಸು ಹತ್ತಿಸಿ, ಇಳಿಸಿ, ನಾಲ್ಕು ಗಂಟೆ ಆಸ್ಪತ್ರೆಯ ಬೆಂಚಿನ ಮೇಲೆ ಕಾದು, ಮನೆಗೆ ಬಂದು ಒಲೆ ಹಚ್ಚುವ ನೀವು ಸರಿಯಾಗಿ ಉಂಡು ಮಲಗುತ್ತಿದ್ದೀರೋ ಇಲ್ಲವೋ ಎಂದು ಆ ಕೂಟದಲ್ಲಿ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ಎದೆ ಹೊಡೆದುಕೊಳ್ಳುವುದನ್ನು ನಂಬಿಕೆಯ ಕೊರತೆಯೆಂದು ತಿಳಿಯದೆ ಮುಂದಿನ ಸಲ ಮಂಡ್ಯಕ್ಕೆ ಹೋದಾಗಲೇ ವೈದ್ಯರಿಗೆ ತೋರಿಸಿ. ಅವರು ಮನೋವೈದ್ಯರ ಬಳಿಗೆ ಕಳುಹಿಸಿದರೆ ಸಂಕೋಚಪಡಬೇಡಿ. ಅಷ್ಟರೊಳಗೆ ರಾತ್ರಿ ತಡೆಯಲಾಗದಂತಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲನು “ಪ್ರಿಯ ವೈದ್ಯ” ಎಂದೇ ಕರೆದಿದ್ದಾನೆ.

ಮಾತು ಹೊರಡದಿದ್ದರೆ 88ನೆಯ ಕೀರ್ತನೆಯನ್ನು ತೆರೆದು ಮೆಲ್ಲಗೆ ಓದಿ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗದೆ, ಕತ್ತಲೆಯ ಮಾತಿನಲ್ಲಿಯೇ ನಿಂತುಬಿಡುತ್ತದೆ. ಹಾಗಿದ್ದೂ ಅದನ್ನು ಬರೆದವನು ದೇವರ ಮೇಲಿನ ದೂರನ್ನು ಊರಿನವರ ಮುಂದೆ ಹೇಳಿಕೊಳ್ಳದೆ ದೇವರಿಗೇ ಹೇಳುತ್ತಿದ್ದಾನೆ, ಮತ್ತು ಅಂಥ ದೂರನ್ನು ಯಾರೂ ಅಳಿಸಿಹಾಕದೆ ಆರಾಧನೆಯ ಪುಸ್ತಕದೊಳಗೇ ಇಟ್ಟುಕೊಂಡು ಬಂದಿದ್ದಾರೆ. “ನೀನು ಕೇಳುತ್ತೀಯೋ ಇಲ್ಲವೋ ನನಗೆ ಗೊತ್ತಾಗುತ್ತಿಲ್ಲ” ಎಂದು ನೀವು ಗೋಡೆಯ ಕಡೆ ಮುಖಮಾಡಿ ಹೇಳಿದರೂ ಅದು ಪ್ರಾರ್ಥನೆಯೇ.

ಕರ್ತನ ಭೋಜನದಿಂದ ದೂರ ಉಳಿಯುವುದು ಸರಿಯಲ್ಲವೆಂದು ನಾನು ತಿಳಿಯುತ್ತೇನೆ. ಕೋಳಿ ಕೂಗುವ ಮೊದಲೇ ಮೂರು ಸಲ ತನ್ನನ್ನು ಅರಿಯೆನೆನ್ನುವನೆಂದು ತಿಳಿದಿದ್ದರೂ ಯೇಸು ಆ ಕಡೆಯ ಭೋಜನದ ರಾತ್ರಿ ಶಿಷ್ಯ ಪೇತ್ರನನ್ನು ಪಂಕ್ತಿಯಿಂದ ಎಬ್ಬಿಸಲಿಲ್ಲ. ನಂಬುವುದೇನೆಂದು ಸಭೆಯೆಲ್ಲ ಒಟ್ಟಾಗಿ ಒಪ್ಪಿ ನುಡಿಯುವ ವಿಶ್ವಾಸಪ್ರಮಾಣವನ್ನು ಹೇಳುವಾಗ ಬಾಯಿ ಬಾರದಿದ್ದರೆ ಸುಮ್ಮನೆ ನಿಂತಿರಿ. ಕ್ರಿ.ಶ. 325ರಲ್ಲಿ ನೈಸಿಯದಲ್ಲಿ ಸಭೆಯ ಹಿರಿಯರು ಒಪ್ಪಿಕೊಂಡ ಗ್ರೀಕ್ ಪಾಠವು “ನಾನು” ಎಂದಲ್ಲ, “ನಾವು ನಂಬುತ್ತೇವೆ” ಎಂದು ಮೊದಲಾಗುತ್ತದೆ. ನನ್ನ ತಾಯಿ ತೀರಿಕೊಂಡ ವರ್ಷ ಮೈಸೂರಿನ ನಮ್ಮ ಸಭೆಯಲ್ಲಿ ಹಲವು ಭಾನುವಾರ ನನ್ನಿಂದ ಒಂದು ಸಾಲನ್ನೂ ಹಾಡಲಾಗಲಿಲ್ಲ. ಪಕ್ಕದ ಬೆಂಚಿನ ಮುದುಕರೊಬ್ಬರು ಶ್ರುತಿ ತಪ್ಪಿಸಿಕೊಂಡೇ ಗಟ್ಟಿಯಾಗಿ ಹಾಡುತ್ತಿದ್ದರು, ಆಗ ನನ್ನ ಪಾಲಿನದನ್ನೂ ಅವರೇ ಹಾಡುತ್ತಿದ್ದಾರೆ ಎನಿಸುತ್ತಿತ್ತು. ಈ ವಾರ ನಿಮ್ಮ ಸಭೆಯ ಪಾದ್ರಿ ಅಯ್ಯನವರನ್ನು ಮನೆಗೆ ಕರೆದು ಇದನ್ನೆಲ್ಲ ಹೇಳಿ. ಗದ್ದೆಯ ವಿಷಯವನ್ನೂ ಮರೆಮಾಚಬೇಡಿ. ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಓದುವ ಸಭೆಗೆ ಆ ಭಾರ ಎಷ್ಟೆಂಬುದು ತಿಳಿದಿರಬೇಕು.

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಪುನರುತ್ಥಾನದ ಬಗ್ಗೆ ನನಗಿರುವ ಸಂದೇಹವನ್ನು ಹೇಳಿಕೊಂಡಾಗ, ಸಭೆಯ ಹಿರಿಯರಾದ ನನ್ನ ತಂದೆಯವರು, “ಸಂದೇಹಪಡುವವನು ಕ್ರೈಸ್ತನೇ ಅಲ್ಲ” ಎಂದು ಸಿಟ್ಟಾದರು. ಇದು ನಿಜವೇ?

ಉತ್ತರ: ನಿಜವಲ್ಲ, ಮಗು. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ಎದ್ದುಬಂದ ಯೇಸುವನ್ನು ಕಣ್ಣಾರೆ ಕಂಡು ಅಡ್ಡಬಿದ್ದ ಶಿಷ್ಯರಲ್ಲಿಯೇ ಕೆಲವರು ಸಂದೇಹಪಟ್ಟರೆಂದು ಬರೆದಿದೆ. ಅವರನ್ನು ಬೇರೆ ನಿಲ್ಲಿಸದೆ, ಎಲ್ಲರೊಂದಿಗೇ ಅವರಿಗೂ ಲೋಕಕ್ಕೆ ಹೋಗುವ ಅಪ್ಪಣೆಯಾಯಿತು. ಶಿಷ್ಯ ತೋಮನೂ ಸಂದೇಹವನ್ನು ಇಟ್ಟುಕೊಂಡೇ ಎಂಟು ದಿನಗಳ ಮೇಲೆ ಅದೇ ಗುಂಪಿನ ನಡುವೆ ಕುಳಿತಿದ್ದನು.

ಸಮೀಪದ ಉದಾಹರಣೆಯೊಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರ ನಡುವೆ ಕೆಲಸ ಮಾಡಿದ, ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಮೂವತ್ತೊಂದು ವರ್ಷ ಈ ದೇಶದಲ್ಲಿದ್ದು 1823ರಲ್ಲಿ ಹಿಂದಿರುಗಿದಾಗ, ಇಲ್ಲಿ ತನ್ನ ಧರ್ಮಪ್ರಚಾರ ಫಲ ಕೊಡಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ಅವರ ಸಂದೇಹ ನಿನ್ನದಕ್ಕಿಂತ ಬೇರೆಯದು, ಅವರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ. ಆದರೂ ಅಷ್ಟನ್ನು ಬರೆದ ಮೇಲೂ ಅವರು ಪಾದ್ರಿಯಾಗಿಯೇ ಉಳಿದು, ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಸೇವೆಯಲ್ಲಿಯೇ ಇದ್ದು 1848ರಲ್ಲಿ ತೀರಿಕೊಂಡರು.

ತಂದೆಯವರ ಸಿಟ್ಟಿನ ಒಳಗೆ ಮಗ ಕೈತಪ್ಪಿಹೋಗುತ್ತಾನೆಂಬ ಭಯವಿರಬಹುದು. ಆದ್ದರಿಂದ ವಾದಕ್ಕಿಳಿಯಬೇಡ, ಒಂದು ಸಂಜೆ ಮನೆಯ ಪ್ರಾರ್ಥನೆಯಲ್ಲಿ ಮತ್ತಾಯನ ಆ ಅಧ್ಯಾಯವನ್ನು ನೀನೇ ಗಟ್ಟಿಯಾಗಿ ಓದಿ, ಹದಿನೇಳನೆಯ ವಚನದ ಬಳಿ ನಿಲ್ಲಿಸಿ, ಇದರ ಅರ್ಥವೇನೆಂದು ಅವರನ್ನೇ ಕೇಳು. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸು.