ಇಂಗ್ಲೆಂಡಿನಲ್ಲಿ ಹಳೆಯ ಎಂಜಿಬಿ ಕೊಳ್ಳುವ ಮೊದಲು

ಇಂಗ್ಲೆಂಡಿಗೆ ಬಂದು ಏಳು ತಿಂಗಳಾಯಿತು, ಬಾಡಿಗೆ ಮನೆಗೆ ಗ್ಯಾರೇಜ್ ಇದೆ, ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಂಡು ನಾನೇ ರಿಪೇರಿ ಮಾಡಿಕೊಳ್ಳಬಹುದಾ, ಊರಲ್ಲಿ ಸ್ಪ್ಯಾನರ್ ಹಿಡಿದವನೇ ಅಲ್ಲ ಎಂದು ಕೇಳಿದ್ದೀರಿ. ಅಣ್ಣಾ ಎಂದು ಕರೆದಿದ್ದೀರಿ, ಹಾಗಾಗಿ ಮನೆಯವನಂತೆಯೇ ಹೇಳುತ್ತೇನೆ. ಖಂಡಿತ ಆಗುತ್ತದೆ. ನಾನೂ ಹಾಗೇ ಶುರು ಮಾಡಿದವನು. ಇಲ್ಲಿ ಮೆಕ್ಯಾನಿಕ್ ಕೂಲಿ ಗಂಟೆ ಲೆಕ್ಕ, ಜೇಬಿಗೆ ತುಂಬಾ ಭಾರ. ಅದಕ್ಕೇ ಒಳ್ಳೆಯ ಕೆಲಸದಲ್ಲಿರುವವರೂ ಭಾನುವಾರ ಬೆಳಿಗ್ಗೆ ಕಾರಿನ ಅಡಿ ಮಲಗಿರುತ್ತಾರೆ. ಅದರಲ್ಲಿ ಯಾರಿಗೂ ಸಂಕೋಚವಿಲ್ಲ.

ನೀವು ಆರಿಸಿದ ಕಾರೂ ಸರಿಯಾಗಿದೆ. 1962ರಿಂದ 1980ರವರೆಗೆ ಇಲ್ಲಿನ ಆಬಿಂಗ್ಡನ್ ಊರಿನಲ್ಲಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. 1798 ಸಿಸಿ ಎಂಜಿನ್ ಸರಳ. ಬಾನೆಟ್ ಎತ್ತಿದರೆ ಹೆಚ್ಚಿನದೆಲ್ಲ ಕೈಗೆ ಸಿಗುತ್ತದೆ, ಕಂಪ್ಯೂಟರ್ ಇಲ್ಲವೇ ಇಲ್ಲ. ಆದರೆ ಮಿಲಿಮೀಟರ್ ಸ್ಪ್ಯಾನರ್ ಸೆಟ್ ಕೊಳ್ಳಬೇಡಿ. ಇದರ ನಟ್ಟುಗಳು ಇಂಚಿನವು. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಕೂತಂತೆ ಕಾಣುತ್ತದೆ, ಜೋರಾಗಿ ತಿರುಗಿಸಿದರೆ ಮೂಲೆ ಸವೆದು ಹೋಗುತ್ತದೆ.

ಎಂಜಿನ್ ಬಗ್ಗೆ ಚಿಂತೆ ಬೇಡ. ತಗಡು ನೋಡಿ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಕಾರಿನ ಅಡಿ ಸೇರಿ ವರ್ಷಗಟ್ಟಲೆ ತಿನ್ನುತ್ತದೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಸಿಲ್ ಅದರ ಬೆನ್ನುಮೂಳೆ. ನನ್ನ ಮೊದಲ ಕಾರು ಕೆಂಪು, ಮೇಲಿನ ಮುಚ್ಚಿಗೆ ಇಳಿಸುವಂಥದ್ದು, ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಗೆ ತಂದು ಒಂದು ಬದಿ ಜಾಕ್ ಕೊಟ್ಟೆ. ಬಾಗಿಲು ತೆಗೆದು ಮತ್ತೆ ಹಾಕಲು ಹೋದರೆ ಮುಚ್ಚಲೇ ಇಲ್ಲ, ಹಿಂದಿನ ಅಂಚು ಕಚ್ಚಿಕೊಂಡಿತು. ಕಾರು ನಡುವೆ ಬಾಗಿತ್ತು. ಸಿಲ್ ಮೇಲೆ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಬಣ್ಣ ಬಿರಿದು, ತೂತು ಮುಚ್ಚಲು ಮೆತ್ತಿದ್ದ ಫಿಲ್ಲರ್ ಹೆಕ್ಕಳಿಕೆಯಾಗಿ ಬಿತ್ತು, ಒಳಗಿಂದ ಕಂದು ಪುಡಿ ಸುರಿಯಿತು. ಮಾರಿದವನಿಗೆ ಗೊತ್ತಿತ್ತು ಅಂತ ನನ್ನ ನಂಬಿಕೆ. ಆ ವೆಲ್ಡಿಂಗ್ ಖರ್ಚು ಕಾರಿನ ಬೆಲೆಯನ್ನೇ ಮೀರಿತು. ನೀವು ನೋಡಲು ಹೋದಾಗ ಬಟ್ಟೆಯಲ್ಲಿ ಸುತ್ತಿದ ಮ್ಯಾಗ್ನೆಟ್ ಒಯ್ಯಿರಿ. ಸಿಲ್ ಉದ್ದಕ್ಕೂ ಸರಿಸಿ. ಅದು ಹಿಡಿಯದ ಕಡೆ ತಗಡಿಲ್ಲ.

ಕಾಗದಪತ್ರ ಕಷ್ಟವಲ್ಲ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ಆದರೂ ಪ್ರತಿ ವರ್ಷ ಅರ್ಜಿ ಹಾಕಲೇಬೇಕು. ದೊಡ್ಡ ಬದಲಾವಣೆ ಮಾಡದಿದ್ದರೆ 2018ರಿಂದ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆಯೂ ಕಡ್ಡಾಯವಲ್ಲ. ನಾನಂತೂ ಪ್ರತಿ ವರ್ಷ ಮಾಡಿಸುತ್ತೇನೆ, ನೀವೂ ಮಾಡಿಸಿ. ಬ್ರೇಕಿನ ವಿಷಯದಲ್ಲಿ ಇನ್ನೊಬ್ಬರ ಕಣ್ಣು ಬೇಕು, ಅಲ್ವಾ? ನಮ್ಮ ದೇಶದ ಲೈಸೆನ್ಸ್ ಇಲ್ಲಿ 12 ತಿಂಗಳು ಮಾತ್ರ ನಡೆಯುತ್ತದೆ. ಏಳು ಆಗಲೇ ಕಳೆದಿದೆ, ಟೆಸ್ಟ್ ಈಗಲೇ ಬುಕ್ ಮಾಡಿ. ಮನೆ ಒಪ್ಪಂದದಲ್ಲಿ ಗಾಡಿ ರಿಪೇರಿ ಬೇಡ ಎಂಬ ಷರತ್ತು ಇದೆಯಾ ನೋಡಿಕೊಳ್ಳಿ. ಪೆಟ್ರೋಲ್ ಹಾಕಿಸುವಾಗ ಎಥನಾಲ್ ಹೆಚ್ಚಿರುವ ಇ10 ಬೇಡ, ಕಡಿಮೆ ಇರುವ ಇ5 ಕೇಳಿ. ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ.

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಹಾಕಬೇಡಿ. ಕಾರಿನ ಭಾರ ಹೊರುವ ಗಟ್ಟಿ ಕಾಲು, ಅಂದರೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅಲುಗಾಡಿಸಿ ನೋಡಿ, ಆಮೇಲೆ ಮಲಗಿ. ಎಂಜಿನ್ ಓಡುವಾಗ ಗ್ಯಾರೇಜ್ ಬಾಗಿಲು ಪೂರ್ತಿ ತೆರೆದಿರಲಿ. ಆ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯೇ ಇಲ್ಲ.

ಬಂದ ಮೊದಲ ಎರಡು ವರ್ಷ ನೆರೆಯವರ ಜೊತೆ ನನ್ನ ಮಾತು ಹವಾಮಾನ ದಾಟಿರಲಿಲ್ಲ. ಒಂದು ದಿನ ಬಾನೆಟ್ ಎತ್ತಿ ನಿಂತಿದ್ದೆ. ಎದುರು ಮನೆಯ ಅಜ್ಜ ರಸ್ತೆ ದಾಟಿ ಬಂದರು, ಕೈಯಲ್ಲಿ ಒಂದು ತುಂಡು ರಬ್ಬರ್ ಪೈಪು. ಏರ್ ಫಿಲ್ಟರ್ ಬಿಚ್ಚಿಸಿದರು. ಪೈಪಿನ ಒಂದು ತುದಿ ನನ್ನ ಕಿವಿಗೆ, ಇನ್ನೊಂದು, ಗಾಳಿ ಪೆಟ್ರೋಲ್ ಬೆರೆಸುವ ಎರಡು ಕಾರ್ಬೊರೇಟರುಗಳಲ್ಲಿ ಮೊದಲನೆಯದರ ಬಾಯಿಗೆ. ಸುಸ್ಸ್ ಎಂಬ ಸದ್ದು. ಆಮೇಲೆ ಎರಡನೆಯದಕ್ಕೆ ಹಿಡಿದರು, ಸದ್ದು ಸಣ್ಣದಾಯಿತು. ಸ್ಕ್ರೂ ಕೂದಲೆಳೆಯಷ್ಟು ತಿರುಗಿಸು, ಕೇಳು, ಮತ್ತೆ ತಿರುಗಿಸು ಎಂದರು. ಎರಡೂ ಸದ್ದು ಒಂದೇ ಆದಾಗ ಎಂಜಿನ್ ನಡುಕ ನಿಂತು ಹದಕ್ಕೆ ಬಂತು. ಅವರು ನನ್ನ ಹೆಸರು ಕೇಳಿದ್ದು ಆಮೇಲೆ. ಆ ಪೈಪು ಇನ್ನೂ ನನ್ನ ಹತ್ತಿರ ಇದೆ.

ಕಾರು ನೋಡಲು ಹೋಗುವ ದಿನ ಮೊದಲೇ ತಿಳಿಸಿ. ಶನಿವಾರವಾದರೆ ನಾನೂ ಬರುತ್ತೇನೆ, ಮ್ಯಾಗ್ನೆಟ್ ತರುತ್ತೇನೆ.