ಅಮ್ಮ ‘ಅಮಿಮ’ ಆದಾಗ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಮಾಧವ ಎಂದು ಕರೆಯೋಣ.

ಮಾಧವ ನನ್ನಲ್ಲಿಗೆ ಬಂದದ್ದು ತನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂಬ ಭಯದಿಂದ. ವಯಸ್ಸು 47. ಊರು ಕಾಸರಗೋಡಿನ ಕುಂಬಳೆಯ ಆಚೆಗಿನ ಹಳ್ಳಿ. ಮನೆಮಾತು ತುಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪೇಟೆಯ ವ್ಯವಹಾರಕ್ಕೆ ಮಲಯಾಳಂ. ಇಪ್ಪತ್ತು ವರ್ಷ ಡಿಟಿಪಿ ಅಂಗಡಿ ನಡೆಸಿದವರು. ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶೋತ್ಸವದ ಆಮಂತ್ರಣ, ಭೂತಾರಾಧನೆಯ ನೇಮದ ಕಾಗದ, ಹೀಗೆ ಸುತ್ತಲಿನ ನಾಲ್ಕು ಗ್ರಾಮಗಳ ಶುಭಕಾರ್ಯಗಳೆಲ್ಲ ಅವರ ಬೆರಳಿನಿಂದಲೇ ಹೊರಡುತ್ತಿದ್ದವು. ವಾಟ್ಸಾಪ್ ಬಂದ ಮೇಲೆ ಅಂಗಡಿ ನಡೆಯಲಿಲ್ಲ. ಕನ್ನಡ, ಮಲಯಾಳಂ ಎರಡೂ ಬಲ್ಲವರು ಬೇಕೆಂದು ಒಂದು ಕಚೇರಿ ಕರೆದು ಕೆಲಸ ಕೊಟ್ಟಿತು.

ಅಲ್ಲಿನ ಕಂಪ್ಯೂಟರುಗಳಲ್ಲಿ ಹೊರಗಿನ ತಂತ್ರಾಂಶ ಹಾಕುವಂತಿಲ್ಲ. ಕನ್ನಡಕ್ಕೆ ಇದ್ದದ್ದು ಇನ್‌ಸ್ಕ್ರಿಪ್ಟ್ ಎಂಬ ಕೀಲಿವಿನ್ಯಾಸ ಒಂದೇ. ಮಾಧವರ ಕೈಗೆ ಇಪ್ಪತ್ತು ವರ್ಷಗಳಿಂದ ಒಗ್ಗಿದ್ದದ್ದು ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ವಿನ್ಯಾಸ. ಎರಡರ ನಡುವೆ ಎಷ್ಟು ಅಂತರವಿದೆ ಎಂದು ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ವ್ಯಂಜನಗಳಲ್ಲಿ ಜಾಗ ಬದಲಿಸದೆ ಉಳಿದದ್ದು ಕ ಮತ್ತು ಖ ಮಾತ್ರ. ಮಿಕ್ಕವೆಲ್ಲ ಬೇರೆ ಕೀಲಿಗೆ ಹೋಗಿವೆ. ‘ರ’ ಇದ್ದಲ್ಲಿ ಈಗ ದೀರ್ಘ ಈ ಸ್ವರದ ಚಿಹ್ನೆ, ‘ಮ’ ಇದ್ದಲ್ಲಿ ‘ಸ’, ‘ಸ’ ಇದ್ದಲ್ಲಿ ಏತ್ವದ ಚಿಹ್ನೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒತ್ತು. ಹಳೆಯದರಲ್ಲಿ ಒತ್ತು ಕೊಡುವ ಕೀಲಿ ‘ಎಫ್’, ಎಡಗೈ ತೋರುಬೆರಳಿನದು. ಹೊಸದರಲ್ಲಿ ಅದರ ಪಕ್ಕದ ‘ಡಿ’, ನಡುಬೆರಳಿನದು. ದೂರದ ಕೀಲಿಯಾಗಿದ್ದರೆ ಬೆರಳು ಒಂದು ಕ್ಷಣ ನಿಂತು ಯೋಚಿಸುತ್ತಿತ್ತು. ಪಕ್ಕದ್ದಾದ್ದರಿಂದ ಯೋಚಿಸುವುದೇ ಇಲ್ಲ, ಹಳೆಯ ಜಾಗಕ್ಕೇ ಬೀಳುತ್ತದೆ. ಅಲ್ಲಿ ಈಗ ಕೂತಿರುವುದು ಗುಡಿಸು. ‘ಅಮ್ಮ’ ಎಂದು ಹೊಡೆದರೆ ‘ಅಮಿಮ’, ‘ಅಕ್ಕ’ ಹೊಡೆದರೆ ‘ಅಕಿಕ’. ನಮ್ಮ ಸಂಬಂಧವಾಚಕಗಳನ್ನು ನೋಡಿ: ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅಜ್ಜಿ. ಇವರೆಲ್ಲರಲ್ಲೂ ಒತ್ತು ಇದೆ.

ಮೂರನೇ ವಾರ ಅವರು ಮನೆಗೆ ಬಂದು ಹಳೆಯ ಯಂತ್ರದಲ್ಲಿ ದೇವಸ್ಥಾನದ ಆಮಂತ್ರಣ ಮಾಡಲು ಕುಳಿತರು. ಅಲ್ಲೂ ತಪ್ಪು! ಎಂಟನೇ ತರಗತಿಯ ಮಗಳು ಪರದೆಯನ್ನು ನೋಡಿ ನಕ್ಕಳು. ಮಾಧವ ಕೀಲಿಮಣೆಯನ್ನು ಎತ್ತಿ ಮೇಜಿಗೆ ಬಡಿದು ಎದ್ದುಹೋದರು. ಎರಡು ದಿನ ಮಾತಿಲ್ಲ, ರಾತ್ರಿ ನಿದ್ದೆಯಿಲ್ಲ. ಹೆಂಡತಿಯೇ ಕರೆದುಕೊಂಡು ಬಂದರು.

“ಹೊಸದು ಬರುವುದಿಲ್ಲ, ಅದು ಹೋಗಲಿ. ಗೊತ್ತಿದ್ದದ್ದೂ ಹೋಯಿತಲ್ಲ” ಎಂದರು. ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಯಾರದೋ ವಸ್ತುವನ್ನು ನೋಡುವಂತೆ ಅವನ್ನೇ ನೋಡುತ್ತಿದ್ದರು.

ಮರೆವಿನ ಮಾತು ಬಂದಾಗ ನಾನು ಆಪ್ತಸಲಹೆಯಿಂದ ಶುರು ಮಾಡುವುದಿಲ್ಲ. ಮೊದಲು ವೈದ್ಯರ ಬಳಿಗೆ ಕಳುಹಿಸಿದೆ. ಥೈರಾಯ್ಡ್, ಬಿ12 ಪರೀಕ್ಷೆ ಆಯಿತು, ಎಲ್ಲವೂ ಸರಿಯಿತ್ತು. ಎರಡನೆಯ ಭೇಟಿಯಲ್ಲಿ ಕಣ್ಣು ಮುಚ್ಚಿ ಬರಿಯ ಮೇಜಿನ ಮೇಲೆ ‘ಶ್ರೀ ಮಹಾಗಣಪತಯೇ ನಮಃ’ ಎಂದು ಹೊಡೆಯಲು ಹೇಳಿದೆ. ಹತ್ತು ಬೆರಳೂ ಮಳೆ ಬಿದ್ದ ಹಾಗೆ ಓಡಿದವು. “ಈಗ ‘ಣ’ ಯಾವ ಕೀಲಿ, ಬಾಯಲ್ಲಿ ಹೇಳಿ” ಎಂದೆ. ತಡವರಿಸಿದರು. ಮತ್ತೆ ಬೆರಳನ್ನು ಆಡಿಸಿ ನೋಡಿಕೊಂಡೇ ಹೇಳಬೇಕಾಯಿತು. ಆ ಜ್ಞಾನ ಮಾತಿನಲ್ಲಿ ಇಲ್ಲ, ಕೈಯಲ್ಲಿದೆ. ಕೈಯ ನೆನಪಿಗೆ ಎರಡನೆಯ ಅಭ್ಯಾಸ ತಾಗಿದಾಗ ಕೆಲವು ವಾರ ಎರಡೂ ಕಲಸಿಹೋಗುತ್ತವೆ. ಇದು ಕಲಿಕೆಯ ನಡುಹಂತ, ಕಾಯಿಲೆಯಲ್ಲ. ಇದನ್ನು ಹೇಳಿದಾಗ ಅವರ ಹೆಂಡತಿ ಕಣ್ಣೊರೆಸಿಕೊಂಡರು. ಮಾಧವ ನಂಬಲಿಲ್ಲ.

ನಂಬದಿರಲು ಇನ್ನೊಂದು ಕಾರಣವಿತ್ತು. ಅದು ಹೊರಬಂದದ್ದು ಮೂರನೆಯ ಭೇಟಿಯಲ್ಲಿ. “ಇದು ಮಲಯಾಳಂನವರ ಕೀಲಿಮಣೆ. ಕನ್ನಡವನ್ನು ಮೊದಲು ಊರಿನ ಬೋರ್ಡಿನಿಂದ ತೆಗೆದರು, ಈಗ ನನ್ನ ಬೆರಳಿನಿಂದ ತೆಗೆಯುತ್ತಿದ್ದಾರೆ.” 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವನ್ನು ಅವರ ಅಜ್ಜ ಸಾಯುವವರೆಗೂ ಹೇಳುತ್ತಿದ್ದರಂತೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದೂ ಆ ಮನೆಯ ಮಕ್ಕಳಿಗೆ ಬಾಯಿಪಾಠ. ಇನ್‌ಸ್ಕ್ರಿಪ್ಟ್ ಮಲಯಾಳಂನದಲ್ಲ, 1980ರ ದಶಕದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಲಿಪಿಗಳಿಗೆಲ್ಲ ಒಂದೇ ಮಣೆಯೆಂದು ಮಾಡಿದ್ದು ಎನ್ನುವುದು ನನಗೆ ಗೊತ್ತಿತ್ತು. ಅಂದು ಹೇಳಲಿಲ್ಲ. ನೋವು ಹೇಳಿಕೊಳ್ಳುವವರಿಗೆ ಆ ಹೊತ್ತಿನಲ್ಲಿ ಮಾಹಿತಿ ಕೊಟ್ಟರೆ ಅದು ಬಾಯಿ ಮುಚ್ಚಿಸಿದಂತೆ. ಗಡಿಯಲ್ಲಿ ಬದುಕುವವರ ಈ ಸಂಕಟ ಕಲ್ಪಿತವೂ ಅಲ್ಲ. ನಾನೂ ಇಲ್ಲೇ ಬೆಳೆದವಳು.

ಆದರೆ ಆ ಭೇಟಿಯ ಕೊನೆಗೆ ನಾನು ಕೊಟ್ಟ ಸಲಹೆ ತಪ್ಪಾಯಿತು. ಕಲಸುವುದು ನಿಲ್ಲಲೆಂದು, ಒಂದು ತಿಂಗಳು ಹಳೆಯ ವಿನ್ಯಾಸವನ್ನು ಮುಟ್ಟಲೇಬೇಡಿ ಎಂದೆ. ಅವರು ಚಾಚೂ ತಪ್ಪದೆ ಪಾಲಿಸಿದರು. ದೇವಸ್ಥಾನದವರು ಬಂದಾಗ “ನನ್ನಿಂದಾಗದು” ಎಂದು ಆಮಂತ್ರಣದ ಕೆಲಸವನ್ನು ಹಿಂದಕ್ಕೆ ಕಳುಹಿಸಿದರು. ಊರಿನಲ್ಲಿ ಅವರಿಗಿದ್ದ ಸ್ಥಾನವೇ ಆ ಕೆಲಸವಾಗಿತ್ತು. ಮುಂದಿನ ಭೇಟಿಗೆ ಬಂದಾಗ ಗಡ್ಡ ಬಿಟ್ಟಿದ್ದರು, ಊಟ ಸೇರುತ್ತಿಲ್ಲ ಎಂದರು. ನನ್ನ ಸಲಹೆ ತಪ್ಪಿತ್ತು ಎಂದು ಅವರಿಗೆ ನೇರವಾಗಿ ಹೇಳಿ ಅದನ್ನು ಹಿಂದಕ್ಕೆ ತೆಗೆದುಕೊಂಡೆ.

ಬದಲಿಗೆ ಹೇಳಿದ್ದು ಇಷ್ಟು. ಹಳೆಯದನ್ನು ಬಿಡಬೇಡಿ, ಅದಕ್ಕೆ ಬೇರೆ ಮನೆ ಕೊಡಿ: ಹಳೆಯ ಯಂತ್ರ, ಚಾವಡಿಯ ಕುರ್ಚಿ, ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತು. ಹೊಸದಕ್ಕೆ ಕಚೇರಿಯ ಕುರ್ಚಿ ಮತ್ತು ಬೆಳಗಿನ ಇಪ್ಪತ್ತು ನಿಮಿಷ. ಜಾಗ, ಹೊತ್ತು ಬೇರೆಯಾದರೆ ಕೈ ತಾನೇ ಗುರುತು ಹಿಡಿಯುತ್ತದೆ. ಅಪ್ಪನೊಂದಿಗೆ ತುಳು, ಗಿರಾಕಿಯೊಂದಿಗೆ ಮಲಯಾಳಂ ಆಡುವಾಗ ಅವರ ನಾಲಿಗೆ ಎಂದಾದರೂ ತಡವರಿಸಿದ್ದುಂಟೇ ಎಂದು ಕೇಳಿದೆ. ಮೊದಲ ಬಾರಿಗೆ ನಕ್ಕರು.

ಕೀಲಿಗಳ ಮೇಲೆ ಅಕ್ಷರದ ಚೀಟಿ ಅಂಟಿಸಬೇಡಿ, ನಕ್ಷೆಯನ್ನು ಪರದೆಯ ಪಕ್ಕದಲ್ಲಿ ಕಣ್ಣಿನ ಎತ್ತರಕ್ಕೆ ಇಡಿ ಎಂದೆ. ಅಕ್ಷರಮಾಲೆಯಿಂದ ಶುರು ಮಾಡದೆ ಒತ್ತಿನಿಂದಲೇ, ಅಪ್ಪ, ಅಮ್ಮ, ಅಣ್ಣ, ಅಕ್ಕ ಎಂದು ನಿಧಾನವಾಗಿ. ಆರು ವಾರ ವೇಗವನ್ನು ಅಳೆಯಬಾರದು. ಮೇಲಧಿಕಾರಿಗೆ ವಿಷಯ ತಿಳಿಸಿ ಮೂರು ತಿಂಗಳ ಕಾಲಾವಕಾಶ ಕೇಳಬೇಕು. ಕೇಳಲು ನಾಚಿಕೆ ಎಂದರು. ಕಾಗದವನ್ನು ಅಲ್ಲೇ ಕುಳಿತು ಕೈಬರಹದಲ್ಲಿ ಬರೆಸಿದೆ. ಅವಕಾಶ ಸಿಕ್ಕಿತು.

ಇಪ್ಪತ್ತು ನಿಮಿಷ ಎಂದಾಗ ಅವರು ಒಪ್ಪಿರಲಿಲ್ಲ, ದಿನಕ್ಕೆ ನಾಲ್ಕು ಗಂಟೆ ಕೂರುತ್ತೇನೆ ಎಂದಿದ್ದರು. ಅವರಿಗೆ ಒಂದು ಹಳೆಯ ಅಧ್ಯಯನದ ಕಥೆ ಹೇಳಿದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಮಾಡಿದ್ದು ಅದು, ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಕಡಿಮೆ ಒಟ್ಟು ಗಂಟೆಗಳಲ್ಲಿ ಕೀಲಿಮಣೆಯನ್ನು ಕರಗತ ಮಾಡಿಕೊಂಡರು. ಆದರೆ ಕಲಿಕೆಯ ಬಗ್ಗೆ ಹೆಚ್ಚು ಅತೃಪ್ತಿ ಇದ್ದದ್ದೂ ಆ ಒಂದು ಗಂಟೆಯವರಿಗೇ. ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಿದ್ದೇವೆ ಎಂದು ಅವರಿಗೆ ಅನ್ನಿಸುತ್ತಿತ್ತು. ಮಾಧವ ಈ ಮಾತನ್ನು ಎರಡು ಸಲ ಹೇಳಿಸಿಕೊಂಡರು. “ಹಾಗಾದರೆ ಬೇಸರ ಬರುವುದು ಸರಿಯಾಗಿ ಕಲಿಯುತ್ತಿದ್ದರೂ ಬರಬಹುದು” ಎಂದರು. ಹೌದು ಎಂದೆ.

ಮಗಳನ್ನು ನಾನು ಕರೆಸಿದ್ದು ಐದನೆಯ ಭೇಟಿಗೆ. ನಕ್ಕದ್ದಕ್ಕೆ ಆಕೆಯೂ ಒಳಗೊಳಗೇ ಕೊರಗುತ್ತಿದ್ದಳು, ಅಪ್ಪ ಆಕೆಯೊಂದಿಗೆ ಸರಿಯಾಗಿ ಮಾತನಾಡಿರಲಿಲ್ಲ. ಶಾಲೆಯ ಐಟಿ ಪಾಠದಲ್ಲಿ ಆಕೆ ಇನ್‌ಸ್ಕ್ರಿಪ್ಟ್‌ನಲ್ಲಿ ಮಲಯಾಳಂ ಹೊಡೆಯಲು ಕಲಿತಿದ್ದಳು. ಇದು ಅಪ್ಪನಿಗೆ ಗೊತ್ತೇ ಇರಲಿಲ್ಲ! ನನ್ನ ಲ್ಯಾಪ್‌ಟಾಪ್ ಮುಂದಿಟ್ಟು, ಭಾಷೆಯನ್ನು ಮಲಯಾಳಂಗೆ ಬದಲಿಸಿ, ‘ಅಮ್ಮ’ ಎಂದು ಹೊಡೆಯಲು ಹೇಳಿದೆ. ಶಿಫ್ಟ್ ಹಿಡಿದು ‘ಡಿ’, ಆಮೇಲೆ ‘ಸಿ’, ‘ಡಿ’, ‘ಸಿ’. ಪರದೆಯಲ್ಲಿ ಮಲಯಾಳಂ ಲಿಪಿಯ ಅಮ್ಮ ಬಂದಳು. ಈಗ ಕನ್ನಡಕ್ಕೆ ಬದಲಿಸಿ ಅದೇ ಬೆರಳುಗಳನ್ನು ಆಡಿಸು ಎಂದೆ. ಅವೇ ಕೀಲಿಗಳು, ಕನ್ನಡದ ಅಮ್ಮ.

ಮಾಧವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗಳ ಎಡಗೈಯ ನಡುಬೆರಳು ‘ಡಿ’ಯ ಮೇಲೆ ಇಳಿಯುವುದನ್ನೇ ನೋಡುತ್ತಾ, “ಇನ್ನೊಮ್ಮೆ, ಮೆಲ್ಲಗೆ” ಎಂದರು. ಇನ್‌ಸ್ಕ್ರಿಪ್ಟ್‌ನ ಹುಟ್ಟಿನ ಕಥೆಯನ್ನು ಆಗ ಹೇಳಿದೆ. ಅಂದು ಅದು ಅವರಿಗೆ ಕೇಳಿಸಿತು.

ಬೆಳಗಿನ ಇಪ್ಪತ್ತು ನಿಮಿಷ ಆಮೇಲೆ ಇಬ್ಬರದಾಯಿತು. ಅವರು ಕನ್ನಡದಲ್ಲಿ, ಆಕೆ ಮಲಯಾಳಂನಲ್ಲಿ, ಸರದಿಯ ಮೇಲೆ.

ಐದು ತಿಂಗಳು ಕಳೆದಿದೆ. ಹಳೆಯ ವೇಗ ಇನ್ನೂ ಬಂದಿಲ್ಲ. ನಿದ್ದೆ ಬಂದಿದೆ. ಕನ್ನಡದ ಅರ್ಜಿಗಳಿಗೆ ಕನ್ನಡದಲ್ಲೇ ಉತ್ತರ ಹೋಗಬೇಕೆಂದು ಕಚೇರಿಯಲ್ಲಿ ಹಟ ಹಿಡಿದು ತಾವೇ ಹೊಡೆದು ಕೊಡುತ್ತಾರೆ. ಊರಿನ ಬೋರ್ಡಿನ ಬಗೆಗಿನ ಸಿಟ್ಟು ಹಾಗೆಯೇ ಇದೆ, ಅದನ್ನು ಕಡಿಮೆ ಮಾಡುವುದು ನನ್ನ ಕೆಲಸವೆಂದು ನಾನು ತಿಳಿದಿಲ್ಲ. ಸಂಜೆ ಚಾವಡಿಯಲ್ಲಿ ಆಮಂತ್ರಣದ ಕೆಲಸ ನಡೆಯುತ್ತಿದೆ. ದಣಿದ ದಿನ ತೋರುಬೆರಳು ಈಗಲೂ ‘ಎಫ್’ಗೆ ಹೋಗುತ್ತದಂತೆ. ಅಂಥ ದಿನದ ಪತ್ರಗಳನ್ನು ಇಟ್ಟುಕೊಂಡು, ಮರುದಿನ ಬೆಳಗ್ಗೆ ಇನ್ನೊಮ್ಮೆ ಓದಿ ಕಳುಹಿಸುತ್ತಾರೆ.