ಸಿಎಲ್‌ಎಲ್ ವರದಿಯಲ್ಲಿ ‘13ಕ್ಯೂ ಡಿಲೀಷನ್’: ಕಿರು ಆರ್‌ಎನ್‌ಎಗಳಿಗೂ ಇದಕ್ಕೂ ಏನು ಸಂಬಂಧ?

ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ತಮ್ಮ ತಂದೆಯವರಿಗೆ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇರುವುದಾಗಿಯೂ ವರ್ಣತಂತುಗಳಲ್ಲಿನ ಬದಲಾವಣೆ ಪತ್ತೆಹಚ್ಚುವ ಫಿಶ್ ಪರೀಕ್ಷೆಯ ವರದಿಯಲ್ಲಿ ‘13ಕ್ಯೂ ಡಿಲೀಷನ್’ ಎಂದಿರುವುದಾಗಿಯೂ ಗದಗಿನಿಂದ ಬರೆದಿದ್ದೀರಿ. ಇದಕ್ಕೂ ಮೈಕ್ರೋ ಆರ್‌ಎನ್‌ಎಗಳಿಗೂ, ಅಂದರೆ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಕಿರು ಆರ್‌ಎನ್‌ಎಗಳಿಗೂ, ಏನು ಸಂಬಂಧವೆಂಬುದು ತಮ್ಮ ಪ್ರಶ್ನೆ. ಧಾರವಾಡದಲ್ಲಿ ಎಂಎಸ್ಸಿ ವಿದ್ಯಾರ್ಥಿಗಳಿಗೆ ತಳಿವಿಜ್ಞಾನ ಕಲಿಸುವ ನಾನು ಈ ಪಾಠವನ್ನು ಸಿಎಲ್‌ಎಲ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಕಿರು ಆರ್‌ಎನ್‌ಎಗಳಿಗೂ ಕ್ಯಾನ್ಸರಿಗೂ ಇರುವ ನಂಟು ಮೊದಲು ತಿಳಿದುಬಂದದ್ದೇ ಈ ಕಾಯಿಲೆಯಲ್ಲಿ.

ಸಿಎಲ್‌ಎಲ್ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕ್ಯಾನ್ಸರ್ ಕಣಗಳಲ್ಲಿ 13ನೇ ವರ್ಣತಂತುವಿನ ಒಂದು ತುಣುಕು ಕಳಚಿಹೋಗಿರುತ್ತದೆ; ಇದೇ 13ಕ್ಯೂ ಡಿಲೀಷನ್. ಕ್ಯಾನ್ಸರನ್ನು ತಡೆಯುವ ಯಾವುದೋ ಪ್ರೋಟೀನಿನ ಜೀನ್ ಅಲ್ಲಿರಬೇಕೆಂದು ಸಂಶೋಧಕರು ವರ್ಷಗಟ್ಟಲೆ ಹುಡುಕಿದರು. 2002ರಲ್ಲಿ ಕ್ಯಾನ್ಸರ್ ಸಂಶೋಧಕ ಕಾರ್ಲೋ ಕ್ರೋಚೆ ಅವರ ತಂಡ ಅಲ್ಲಿ ಗುರುತಿಸಿದ್ದು, ಯಾವ ಪ್ರೋಟೀನನ್ನೂ ತಯಾರಿಸದ, ಸುಮಾರು 22 ನ್ಯೂಕ್ಲಿಯೋಟೈಡುಗಳಷ್ಟೇ (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟೇ) ಉದ್ದದ ಎರಡು ಮೈಕ್ರೋ ಆರ್‌ಎನ್‌ಎಗಳ ಜೀನ್‌ಗಳನ್ನು: ಮಿರ್-15ಎ ಮತ್ತು ಮಿರ್-16-1. ಬಿಸಿಎಲ್2 ಎಂಬ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎಗೆ (ತಯಾರಿಕೆಯ ಸೂಚನೆ ಒಯ್ಯುವ ಆರ್‌ಎನ್‌ಎಗೆ) ಇವು ಅಂಟಿಕೊಂಡು ಆ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತವೆಂಬುದು 2005ರಲ್ಲಿ ಗೊತ್ತಾಯಿತು. ಬಿಸಿಎಲ್2 ಜೀವಕೋಶವನ್ನು ಸಾವಿನಿಂದ ಕಾಯುವ ಪ್ರೋಟೀನು. ಹೀಗಾಗಿ ಈ ಎರಡು ಇಲ್ಲವಾದಾಗ ಅದು ಮಿತಿಮೀರಿ ತಯಾರಾಗಿ, ಆಯುಸ್ಸು ಮುಗಿದ ಬಿ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಸಾಯದೆ ರಕ್ತದಲ್ಲಿ ಶೇಖರವಾಗುತ್ತ ಹೋಗುತ್ತವೆ. ಸಿಎಲ್‌ಎಲ್‌ಗೆ ಈಗ ಬಳಕೆಯಲ್ಲಿರುವ ವೆನೆಟೊಕ್ಲಾಕ್ಸ್ ಗುಳಿಗೆ ತಡೆಯುವುದೂ ಇದೇ ಬಿಸಿಎಲ್2 ಪ್ರೋಟೀನನ್ನೇ.

ಎಲ್ಲ ಮೈಕ್ರೋ ಆರ್‌ಎನ್‌ಎಗಳೂ ಹೀಗೆ ಕ್ಯಾನ್ಸರಿಗೆ ಅಡ್ಡ ನಿಲ್ಲುವುದಿಲ್ಲ. ಮಿರ್-21 ಹಲವು ಬಗೆಯ ಗಡ್ಡೆಗಳಲ್ಲಿ ಹೆಚ್ಚಾಗಿರುತ್ತದೆ ಮತ್ತು ಕ್ಯಾನ್ಸರನ್ನು ತಡೆಯಬೇಕಾದ ಪಿಟೆನ್‌ನಂಥ ಪ್ರೋಟೀನುಗಳನ್ನೇ ತಗ್ಗಿಸುತ್ತದೆ.

ಕ್ಯಾನ್ಸರನ್ನು ತಡೆಯುವ ಮೈಕ್ರೋ ಆರ್‌ಎನ್‌ಎಗಳನ್ನೇ ಔಷಧವಾಗಿ ಕೊಡಬಹುದಲ್ಲವೇ ಎಂದು ತಮಗೆ ಅನ್ನಿಸಬಹುದು. ಅಂಥದ್ದೇ ಒಂದಾದ ಮಿರ್-34ನ್ನು ಅನುಕರಿಸುವ ಎಂಆರ್‌ಎಕ್ಸ್34 ಎಂಬ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ಆ ಪ್ರಯೋಗ ನಿಂತಿತು. ಆದ್ದರಿಂದ ಮೈಕ್ರೋ ಆರ್‌ಎನ್‌ಎ ಚಿಕಿತ್ಸೆಯೆಂದು ಯಾರಾದರೂ ಹಣ ಕೇಳಿದರೆ, ತಂದೆಯವರನ್ನು ನೋಡುತ್ತಿರುವ ವೈದ್ಯರನ್ನು ವಿಚಾರಿಸದೆ ದಯವಿಟ್ಟು ಒಪ್ಪಬೇಡಿ.

13ನೇ ವರ್ಣತಂತುವಿನ ಈ ತುಣುಕು ತಂದೆಯವರ ರಕ್ತಕಣಗಳಲ್ಲಿ ಜೀವಿತಾವಧಿಯಲ್ಲಿ ಕಳಚಿದ್ದೇ ಹೊರತು ಹುಟ್ಟಿನಿಂದ ಬಂದದ್ದಲ್ಲ. ತಮಗೆ ಅದು ಹರಿದುಬಂದಿದೆಯೆಂಬ ಭಯ ಬೇಡ. 13ಕ್ಯೂ ಡಿಲೀಷನ್ ಒಂದೇ ಇದ್ದರೆ ಕಾಯಿಲೆ ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ. ಅದೇ ವರದಿಯಲ್ಲಿ 17ಪಿ ಡಿಲೀಷನ್ (17ನೇ ವರ್ಣತಂತುವಿನ ತುಣುಕು ಕಳಚಿರುವುದು) ಕೂಡ ಇದೆಯೇ, ಟಿಪಿ53 ಮತ್ತು ಐಜಿಎಚ್‌ವಿ ಎಂಬ ಜೀನ್‌ಗಳ ಪರೀಕ್ಷೆಗಳಾಗಿವೆಯೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ. ಯಾವ ಔಷಧ ಎಂಬುದು ಬಹುಮಟ್ಟಿಗೆ ಅವುಗಳ ಮೇಲೆ ನಿರ್ಧಾರವಾಗುತ್ತದೆ.